ಎಂಟನೆಯ ಕೂಸು ಬರುವವರೆಗೆ

ಆ ಗಡಿಯಾರವನ್ನು ಎನೆಲೆಸಿ ಎರಡು ವರ್ಷ ಮೂರು ತಿಂಗಳಿನಿಂದ ಮರೆತಿರಲಿಲ್ಲ. ಅಂಗೈಯಲ್ಲಿ ಹಿಡಿಸುವಷ್ಟು ದುಂಡನೆಯದು, ಹಳದಿ ದಾರ ಕಟ್ಟಿದ್ದು, ಒಮ್ಮೆ ಒತ್ತಿದರೆ ಓಡುವುದು, ಮತ್ತೊಮ್ಮೆ ಒತ್ತಿದರೆ ನಿಲ್ಲುವುದು. ಜಿಲ್ಲಾ ಕಚೇರಿಯ ಚಿಸೂಸೆ ಸಾಹೇಬರು ಅದನ್ನು ಕೊರಳಿಗೆ ಹಾಕಿಕೊಂಡು ನಾಮಕೊಲೊದ ಲಸಿಕೆ ಚಪ್ಪರಕ್ಕೆ ಬಂದದ್ದು ಒಂದೇ ಸಲ. ಇದ್ದದ್ದು ಮೂರು ಗಂಟೆಗೂ ಕಡಿಮೆ. ಅಷ್ಟರಲ್ಲಿ ಡೊರಿಕಕ್ಕನ ಹತ್ತೊಂಬತ್ತು ವರ್ಷದ ಕೆಲಸವನ್ನು ಒರೆಸಿ ಹೋಗಿದ್ದರು.

ನಾಮಕೊಲೊದಲ್ಲಿ ಬುಧವಾರ ಲಸಿಕೆಯ ದಿನ. ತಾಯಂದಿರು ಹಾಗನ್ನುವುದಿಲ್ಲ, “ತೂಕಕ್ಕೆ ಹೋಗ್ತೀವಿ” ಅನ್ನುತ್ತಾರೆ. ಕೂಸನ್ನು ಬೆನ್ನಿಗೆ ಕಟ್ಟಿದ ಚಿತೆಂಜೆ ಬಟ್ಟೆಯಿಂದ ಬಿಡಿಸಬೇಕು, ಚಪ್ಪರದ ತೊಲೆಗೆ ನೇತುಹಾಕಿದ ತಕ್ಕಡಿಯ ಚೀಲದಲ್ಲಿ ಇಳಿಬಿಡಬೇಕು, ತೂಕವನ್ನು ಅದರ ಪುಸ್ತಕದ ಗೆರೆಯ ಮೇಲೆ ಗುರುತು ಹಾಕಬೇಕು, ಯಾವ ಸೂಜಿ ಬಾಕಿ ಎಂದು ನೋಡಬೇಕು. ಇದೆಲ್ಲ ಡೊರಿಕಾಳ ಕೆಲಸವಾಗಿತ್ತು. ಅವಳು ಪುಸ್ತಕವನ್ನಷ್ಟೇ ಅಲ್ಲ, ಕೂಸಿನ ಹಲ್ಲು, ಕತ್ತು, ಅಂಗಾಲು ಎಲ್ಲವನ್ನೂ ಓದುತ್ತಿದ್ದಳು. ಓದಿ ಪಕ್ಕದ ಬೆಂಚಿಗೆ ದಾಟಿಸಿದ ಕೂಸಿಗೆ ಎನೆಲೆಸಿ ಸೂಜಿ ಹಾಕುತ್ತಿದ್ದಳು.

ಚಿಸೂಸೆ ನಿಂತದ್ದು ಎನೆಲೆಸಿಯ ಬೆಂಚಿನ ಪಕ್ಕ. ಕೂಸು ತಾಯಿಯ ತೊಡೆಯ ಮೇಲೆ ಕೂತಾಗ ಗಡಿಯಾರ ಒತ್ತಿದರು, ಹತ್ತಿ ಇಟ್ಟಾಗ ಮತ್ತೆ ಒತ್ತಿದರು. ಹನ್ನೊಂದು ಕೂಸುಗಳು ಮುಗಿದಾಗ ಒಂಬತ್ತೂ ಮುಕ್ಕಾಲಾಗಿತ್ತು. ಇನ್ನು ಆರು ಕೂಸುಗಳು ದಡಾರದ ಲಸಿಕೆಗೆ ಕಾದು ಕೂತಿದ್ದವು. ದಡಾರದ ಸೀಸೆಯಲ್ಲಿ ಹತ್ತು ಕೂಸುಗಳಿಗಾಗುವಷ್ಟು ಮದ್ದು, ನೀರು ಬೆರೆಸಿ ಆರು ಗಂಟೆಯಾದರೆ ಉಳಿದದ್ದನ್ನು ಚೆಲ್ಲಬೇಕು. ಎಂಟು ಕೂಸು ಸೇರದೆ ಸೀಸೆ ಒಡೆಯಬಾರದು ಎಂಬ ಆದೇಶ ಚಪ್ಪರದ ಕಂಬದ ಮೇಲೇ ಅಂಟಿಸಿತ್ತು. ಕೆಳಗೆ ಚಿಸೂಸೆಯವರದೇ ರುಜು. ಹೊಳೆಯಾಚೆಯ ಹೆಂಗಸರು ನೀರು ಹೊತ್ತು, ಗಂಜಿ ಕಾಸಿ, ನಡೆದು ಬರುವಾಗ ಹನ್ನೊಂದಾಗುತ್ತದೆ. ಇದು ನಾಮಕೊಲೊದ ಕೋಳಿಗಳಿಗೂ ಗೊತ್ತು. ಗಡಿಯಾರಕ್ಕೆ ಗೊತ್ತಿರಲಿಲ್ಲ.

ಕಾಯುವ ಹೊತ್ತಿನಲ್ಲಿ ಒಬ್ಬ ಮುದುಕಿ ಕಡಲೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬುಟ್ಟಿಯ ಪಕ್ಕ ಕೂತವರು ಒಂದು ಹಿಡಿ ತೆಗೆದುಕೊಂಡು ಸುಲಿಯಲೇಬೇಕು, ಸುಮ್ಮನೆ ಕೂತರೆ ಧಿಮಾಕಿನವಳು ಅನ್ನುತ್ತಾರೆ. ಡೊರಿಕಾ ಸುಲಿದಳು. ಚಿಸೂಸೆ ಏನೂ ಕೇಳಲಿಲ್ಲ, ಬರೆದುಕೊಂಡರು. ಹತ್ತು ನಲವತ್ತಕ್ಕೆ ಜೀಪು ಹತ್ತಿದರು. ಅವರು ಎಬ್ಬಿಸಿದ ಧೂಳು ಇಳಿಯುವುದಕ್ಕೂ ಹೊಳೆಯಾಚೆಯಿಂದ ನಲವತ್ತೆರಡು ತಾಯಂದಿರು ಬರುವುದಕ್ಕೂ ಸರಿಹೋಯಿತು. ಅಂದು ಎನೆಲೆಸಿ, ಡೊರಿಕಾ ಇಬ್ಬರೂ ಮೂರೂವರೆಯವರೆಗೆ ನಿಂತೇ ಇದ್ದರು.

ಮುಂದಿನ ತಿಂಗಳ ಸಭೆಯಲ್ಲಿ ಚಿಸೂಸೆ ವರದಿ ಓದಿದರು. “ಒಂದು ಕೂಸಿಗೆ ಮೂರು ನಿಮಿಷ ನಲವತ್ತು ಸೆಕೆಂಡು. ಹೀಗಾಗಿ ಒಬ್ಬರು ಸಾಕು. ಐವತ್ತೈದು ನಿಮಿಷ ಸಿಬ್ಬಂದಿಗೆ ಕೆಲಸವೇ ಇರಲಿಲ್ಲ. ಅವರಲ್ಲೊಬ್ಬರು ಕಡಲೆಕಾಯಿ ಸುಲಿಯುತ್ತಿದ್ದರು.” ಕೊನೆಯ ಮಾತನ್ನು ಅವರು ತಲೆಯೆತ್ತಿ, ಸ್ವಲ್ಪ ತಡೆದು ಹೇಳಿದರು. ಸಭೆ ನಕ್ಕಿತು. ಹೊರಗೆ ಬಂದಾಗ ಡ್ರೈವರೊಬ್ಬ, “ಏನ್ ಕಡಲೆಕಾಯಮ್ಮ, ನಮಗೊಂದ್ ಹಿಡಿ ಇಲ್ವಾ?” ಅಂದ. ಆ ಹೆಸರು ಡೊರಿಕಾಳಿಗಿಂತ ಮೊದಲೇ ಊರು ಸೇರಿತು.

ವರ್ಗದ ಆದೇಶ ಬಂತು, ಸರೋವರದ ನಡುವಿನ ದ್ವೀಪಕ್ಕೆ. ದೋಣಿಗೆ ಹೆದರುವ ಡೊರಿಕಾ ಐದು ತಿಂಗಳು ಅಲ್ಲಿದ್ದು ರಾಜೀನಾಮೆ ಕೊಟ್ಟು ಮನೆಗೆ ಬಂದಳು. ಎನೆಲೆಸಿ ನೋಡಲು ಹೋದಾಗ ಮೆಕ್ಕೆಜೋಳದ ಮುದ್ದೆಗೆ ಬರೀ ಬೇಯಿಸಿದ ಸೊಪ್ಪು ಬಡಿಸಿದಳು. ಕಡಲೆಪುಡಿ ಹಾಕದ ಸೊಪ್ಪನ್ನು ನಾಮಕೊಲೊದಲ್ಲಿ ಮನೆಗೆ ಬಂದವರ ಮುಂದೆ ಯಾರೂ ಇಡುವುದಿಲ್ಲ.

“ಪುಡಿ ಮುಗ್ದಿದ್ಯಾ ಅಕ್ಕ?” ಎಂದು ಕೇಳಿದ್ದಳು.

“ಈ ಮನೇಲಿ ಇನ್ಮೇಲೆ ಅದು ಬರಲ್ಲ,” ಅಂದಿದ್ದಳು ಡೊರಿಕಾ.

ಎನೆಲೆಸಿ ಮಾತು ಕಡಿಮೆಯ ಹುಡುಗಿ. ಸಿಟ್ಟು ಬಂದರೆ ಕೂಗುವುದಿಲ್ಲ, ತುತ್ತು ಸಣ್ಣದು ಮಾಡಿಕೊಂಡು ನಿಧಾನವಾಗಿ ಅಗಿಯುತ್ತಾಳೆ. ಅಂದು ಆ ಸಪ್ಪೆ ಸೊಪ್ಪನ್ನು ಹಾಗೇ ಅಗಿದು ನುಂಗಿದಳು. ಆ ನಗು ಹೊರಟಲ್ಲಿಗೇ ವಾಪಸು ಹೋಗಬೇಕು, ಅದೇ ಸಭೆಯಲ್ಲಿ, ಅದೇ ಮಾತಿಗೆ. ಅದಕ್ಕಿಂತ ಕಡಿಮೆ ಏನೂ ಅವಳಿಗೆ ಬೇಕಿರಲಿಲ್ಲ.

ಕಾದದ್ದಕ್ಕೆ ದಿನ ಬಂತು. ಚಿಸೂಸೆಯವರ “ಒಬ್ಬರು ಸಾಕು” ಪದ್ಧತಿಯನ್ನು ದೇಶಕ್ಕೆಲ್ಲ ಹಬ್ಬಿಸಬಹುದೇ ಎಂದು ನೋಡಲು ರಾಜಧಾನಿ ಲಿಲೊಂಗ್ವೆಯಿಂದ ಮುಂತಾಲಿ ಎಂಬ ಹಿರಿಯ ಅಧಿಕಾರಿಣಿ ಬರುತ್ತಾರಂತೆ. ಒಪ್ಪಿಗೆಯಾದರೆ ಚಿಸೂಸೆಗೆ ಲಿಲೊಂಗ್ವೆಯಲ್ಲೇ ಕುರ್ಚಿಯಂತೆ. ತೋರಿಸಲು ಅವರು ಆರಿಸಿಕೊಂಡದ್ದು ನಾಮಕೊಲೊವನ್ನೇ.

ಆ ಬುಧವಾರ ಬೆಳಗ್ಗೆ ಲಸಿಕೆ ಪೆಟ್ಟಿಗೆ ಕಟ್ಟಿಕೊಂಡು ಬರುವಾಗ ಹಳ್ಳದ ಇಳಿಜಾರಿನಲ್ಲಿ ಎನೆಲೆಸಿಯ ಸೈಕಲ್ಲು ಜಾರಿತು. ಪೆಟ್ಟಿಗೆಗೆ ಏನೂ ಆಗಲಿಲ್ಲ. ಬಲಗೈಯ ಅಂಗೈ ಚೂರು ತರಚಿತು. ಹಳ್ಳದ ದಂಡೆಯಲ್ಲಿ ಕೂತು ಗಾಯ ತೊಳೆದು, ಬಟ್ಟೆ ಸುತ್ತಲು ಶುರು ಮಾಡಿದಳು. ಗಾಯಕ್ಕೆ ಎರಡು ಸುತ್ತು ಸಾಕಿತ್ತು. ಎರಡನೆಯ ಸುತ್ತಿನಲ್ಲಿ ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಒಂಬತ್ತು ಸುತ್ತಾಗುವವರೆಗೆ ಸುತ್ತಿದಳು, ಬೆರಳು ಮಡಚಲಾಗದಂತೆ.

ಎಂಟಕ್ಕೆ ಜೀಪು ಬಂತು. ಮುಂತಾಲಿ ಕುಳ್ಳಗೆ, ದಪ್ಪಗಿನ ಹೆಂಗಸು, ತಲೆಗೆ ಹಸಿರು ಬಟ್ಟೆ. ನಮಸ್ಕಾರಗಳಾದ ಮೇಲೆ ಕಂಬಕ್ಕೊರಗಿ ಕೂತು, “ನನ್ನದು ಗಡಿಯಾರದ ಲೆಕ್ಕ ಅಲ್ಲಮ್ಮ. ಐದೈದು ನಿಮಿಷಕ್ಕೆ ಈ ಫೋನು ಗಂಟೆ ಹೊಡಿಯತ್ತೆ. ಆವಾಗ ಸಿಬ್ಬಂದಿ ಏನ್ ಮಾಡ್ತಿರ್ತಾರೋ ಅದನ್ನ ಹಾಗ್ಹಾಗೇ ಬರ್ಕೋತೀನಿ. ಕಡೇ ತಾಯಿ ಮನೆಗೆ ಹೋಗೋವರ್ಗೂ ಕೂತಿರ್ತೀನಿ,” ಅಂದರು. ಕಡೇ ತಾಯಿ ಎಂಬ ಮಾತು ಕೇಳಿ ಎನೆಲೆಸಿಗೆ ಹಾಲು ಕುಡಿದಂತಾಯಿತು.

“ಶುರು ಮಾಡು ಎನೆಲೆಸಿ,” ಅಂದರು ಚಿಸೂಸೆ. ಆಗ ಕೈ ನೋಡಿದರು. “ಏನಿದು?”

“ಸೈಕಲ್ಲಿಂದ ಬಿದ್ದೆ ಸಾರ್. ಸೂಜಿ ಹಿಡಿಯಕ್ಕೆ ಆಗ್ತಿಲ್ಲ.”

“ಇವತ್ತೇ ಬೀಳ್ಬೇಕಿತ್ತಾ ನೀನು?”

“ನಾನು ಬಿದ್ರೆ ಇನ್ನೊಬ್ರು ಇಲ್ವಲ್ಲ ಸಾರ್ ಇಲ್ಲಿ.” ಅವಳು ನೆಲ ನೋಡಿಕೊಂಡೇ ಹೇಳಿದಳು. “ಇವರನ್ನೆಲ್ಲ ವಾಪಸ್ ಕಳಿಸ್ಲಾ?”

ಚಪ್ಪರದೊಳಗೆ ಗುಸುಗುಸು ಎದ್ದಿತು. ಮುಂತಾಲಿ ಕನ್ನಡಕದ ಮೇಲಿಂದ ನೋಡಿದರು. “ಕೂಸುಗಳನ್ನ ವಾಪಸ್ ಕಳ್ಸೋದಾ? ಬೇರೆ ಯಾರಿಗೂ ಬರಲ್ವಾ?”

“ಸಾಹೇಬ್ರಿಗೆ ಬರತ್ತಲ್ಲ ಮೇಡಂ. ಮೊದ್ಲು ಅವರೂ ನಮ್ ಕೆಲ್ಸದಲ್ಲೇ ಇದ್ದೋರು. ಕೂಸಿಗೆ ಮೂರೇ ಮುಕ್ಕಾಲು ನಿಮಿಷ ಸಾಕು ಅಂತ ನಮಗೆಲ್ಲ ಕಲ್ಸಿದ್ದೇ ಅವರು.”

“ಹೌದೇನ್ರೀ ಚಿಸೂಸೆ? ಹಾಗಿದ್ರೆ ಇನ್ನೂ ಒಳ್ಳೇದಾಯ್ತು. ಪದ್ಧತಿ ಮಾಡ್ದೋರ ಕೈಯಲ್ಲೇ ನೋಡೋಣ.”

ಚಿಸೂಸೆ ನಕ್ಕರು. ಬೇರೆ ದಾರಿ ಇರಲಿಲ್ಲ. ಎನೆಲೆಸಿ ತನ್ನ ನೀಲಿ ಮೇಲಂಗಿಯನ್ನು ಎಡಗೈಯಲ್ಲಿ ಚಾಚಿದಳು. ಅದು ಅವರ ಹೊಟ್ಟೆಯ ಹತ್ತಿರ ಕೂಡಲಿಲ್ಲ.

ತೂಕದ ದಿನ ಹಾಡಿಲ್ಲದೆ ಶುರುವಾಗುವುದಿಲ್ಲ. ಎದೆಹಾಲಿನದೋ ಸೊಳ್ಳೆಪರದೆಯದೋ ಒಂದು ಹಾಡು, ತಾಯಂದಿರೇ ಕಟ್ಟಿದ್ದು. ಅಂದು ಫೈರೆಸಿ ಎಂಬ ಬಾಯಾಳಿ ತಾಯಿ ಎದ್ದು ಸೊಂಟಕ್ಕೆ ಕೈಯಿಟ್ಟು ಹೊಸದೊಂದನ್ನು ಎತ್ತಿಕೊಂಡಳು. ಅದನ್ನು ಅವಳಿಗೆ ಯಾರು ಹೇಳಿಕೊಟ್ಟರೆಂದು ಕೇಳುವವರು ಯಾರೂ ಇರಲಿಲ್ಲ.

“ಬಟ್ಟೆ ಬಿಚ್ಚೋಕೆ ಎಷ್ಟು ಹೊತ್ತು?”
“ಬಿಚ್ಚಬೇಡ, ಹಾಗೇ ಚುಚ್ಚು!”
“ಅಳೋ ಕೂಸಿಗೆ ಎಷ್ಟು ಹೊತ್ತು?”
“ಅಳಬೇಡ, ಗಡಿಯಾರ ಓಡ್ತೈತೆ!”

ಚಪ್ಪಾಳೆಗೆ ಚಪ್ಪರದ ಹುಲ್ಲು ಉದುರಿತು. ಮುಂತಾಲಿ ತಾವೂ ಚಪ್ಪಾಳೆ ತಟ್ಟಿದರು. ಚಿಸೂಸೆಯವರ ಕತ್ತು ಬೆವರಿತು.

ಹತ್ತಿರದ ಹಟ್ಟಿಗಳಿಂದ ಬಂದಿದ್ದವರು ಇಪ್ಪತ್ತೊಂದು ಮಂದಿ. ಹದಿನಾಲ್ಕು ಎಳೆಗೂಸು, ಏಳು ದಡಾರದವು. ಚಿಸೂಸೆ ಹದಿನಾಲ್ಕನ್ನು ಹತ್ತರ ಹೊತ್ತಿಗೆ ಮುಗಿಸಿದರು. ತಕ್ಕಡಿಯ ಚೀಲಕ್ಕೆ ಕಾಲು ತೂರಿಸುವಾಗ ಒಂದು ಕೂಸು ಅವರ ತೋಳ ಮೇಲೆ ಉಚ್ಚೆ ಹೊಯ್ದಿತು. ಸೂಜಿಯ ಲೆಕ್ಕಕ್ಕೆ ಗೀಟು ಹಾಕುವ ಹಾಳೆ ಎರಡು ಸಲ ಕಳೆದುಹೋಗಿ, ಎರಡು ಸಲವೂ ಅವರದೇ ಕುಂಡೆಯಡಿ ಸಿಕ್ಕಿತು. ಕೊರಳಲ್ಲಿನ ಗಡಿಯಾರ ಅಡ್ಡ ಬರುತ್ತಿದೆಯೆಂದು ಬಿಚ್ಚಿ ಬೆಂಚಿನ ಮೇಲಿಟ್ಟರು. ಎನೆಲೆಸಿ ಅದನ್ನು ನೋಡಿದಳು, ಮುಟ್ಟಲಿಲ್ಲ.

“ಈಗ ದಡಾರದ್ದು ಹಾಕ್ಬಿಡ್ತೀನಿ,” ಎಂದು ಅವರು ಸೀಸೆಗೆ ಕೈ ಹಾಕಿದರು.

“ಏಳೇ ಇದಾವೆ ಸಾರ್,” ಅಂದಳು ಎನೆಲೆಸಿ, ಮೆಲ್ಲಗೆ.

“ಏಳಾದ್ರೇನು?”

ಅವಳು ಬಟ್ಟೆ ಸುತ್ತಿದ ಕೈಯಿಂದ ಕಂಬ ತೋರಿಸಿದಳು. ಮುಂತಾಲಿ ಕೂತಲ್ಲಿಂದಲೇ ತಿರುಗಿ ಗಟ್ಟಿಯಾಗಿ ಓದಿದರು. “ಎಂಟು ಕೂಸು ಸೇರದೆ ಸೀಸೆ ಒಡೆಯತಕ್ಕದ್ದಲ್ಲ. ರುಜು, ಚಿಸೂಸೆ. ನಿಮ್ದೇ ಅಲ್ವೇನ್ರೀ?”

ಕೈ ಹಿಂದೆ ಹೋಯಿತು.

“ಎಂಟನೇದು ಎಲ್ಲಿ?” ಎಂದು ಚಿಸೂಸೆ ತಾಯಂದಿರನ್ನು ಗದರಿದರು.

“ಹೊಳೆ ಆಚೆ ಐತೆ ಸಾಹೇಬ್ರೇ. ನೀರು ಹೊತ್ತಾಕಿ ಬರ್ತಾಳೆ ಅದರವ್ವ,” ಅಂದಳು ಫೈರೆಸಿ. “ಅವಸರ ಇದ್ರೆ ನೀವೇ ಒಂದು ಹೆತ್ಕೊಡಿ.”

ನಗು ಬಿದ್ದು ಹೊರಳಾಡಿತು. ಚಿಸೂಸೆ ಬೆಂಚಿನ ಮೇಲೆ ಕುಸಿದರು. ಮಾಡಲು ಏನೂ ಇರಲಿಲ್ಲ. ಆಗ ಎನೆಲೆಸಿ, ಅಜ್ಜಿಯೊಬ್ಬಳ ಮುಂದಿದ್ದ ಕಡಲೆಕಾಯಿ ಬುಟ್ಟಿಯನ್ನು ಕಾಲಿನಿಂದ ಒಂದು ಗೇಣು ಸರಿಸಿದಳು. ಇನ್ನೊಂದು ಗೇಣು. ಬುಟ್ಟಿ ಅವರ ಮೊಣಕಾಲಿಗೆ ತಾಗಿತು.

“ಕೈ ಖಾಲಿ ಇಟ್ಕೊಂಡು ಕೂತಿದೀಯಲ್ಲ ಮಗಾ,” ಅಂದಳು ಅಜ್ಜಿ. “ನಿಮ್ಮವ್ವ ಏನೂ ಕಲಿಸ್ಲಿಲ್ವಾ?”

ಚಿಸೂಸೆ ಈ ಸೀಮೆಯಲ್ಲೇ ಹುಟ್ಟಿದವರು. ಬುಟ್ಟಿ ಪಕ್ಕ ಇದ್ದರೆ ಕೈ ತಾನಾಗಿ ಹೋಗುತ್ತದೆ. ಒಂದು ಹಿಡಿ ತೆಗೆದುಕೊಂಡು ರಸ್ತೆಯತ್ತ ಕಣ್ಣಿಟ್ಟು ಸುಲಿಯತೊಡಗಿದರು. ಫೋನು ಗಂಟೆ ಹೊಡೆಯಿತು. ಮುಂತಾಲಿ ಬರೆದುಕೊಂಡರು. ಮತ್ತೆ ಐದು ನಿಮಿಷ. ಮತ್ತೆ ಗಂಟೆ. ಎನೆಲೆಸಿ ಬಟ್ಟೆಯ ಒಳಗೇ ಬೆರಳು ಒತ್ತಿ ಗಂಟೆ ಎಣಿಸುತ್ತಿದ್ದಳು. ಒಂಬತ್ತನೆಯ ಸಲ ಗಂಟೆ ಹೊಡೆದಾಗ ಅವರ ತೊಡೆಯ ಮೇಲೆ ಸಿಪ್ಪೆಯ ಸಣ್ಣ ಗುಡ್ಡೆಯೇ ಆಗಿತ್ತು. ಎರಡು ವರ್ಷದಲ್ಲಿ ಅವಳಿಗೆ ಅಷ್ಟು ಸುಖ ಯಾವತ್ತೂ ಆಗಿರಲಿಲ್ಲ. ಆ ಸುಖವನ್ನು ಮುಖದಲ್ಲಿ ಎಲ್ಲೂ ಕಾಣಿಸದಂತೆ ಬಚ್ಚಿಟ್ಟುಕೊಂಡು ಕೂತಿದ್ದಳು.

ಹನ್ನೊಂದಕ್ಕೆ ಹೊಳೆಯಾಚೆಯವರು ಬಂದರು. ನಲವತ್ತನಾಲ್ಕು ಮಂದಿ, ಒಟ್ಟಿಗೇ.

ಒಬ್ಬರೇ ಇಷ್ಟು ಮಂದಿಯನ್ನು ಚಿಸೂಸೆ ಎಂದೂ ನೋಡಿಕೊಂಡಿರಲಿಲ್ಲ. ಸೀಸೆಗೆ ನೀರು ಬೆರೆಸುತ್ತಿರುವಾಗ ತಕ್ಕಡಿಯಲ್ಲಿದ್ದ ಕೂಸು ಕಿರುಚಿತು. ತಕ್ಕಡಿಗೆ ಓಡಿದರೆ ಪುಸ್ತಕಗಳ ಕಟ್ಟು ಕಲಸಿಹೋಯಿತು. ಪುಸ್ತಕ ಹುಡುಕಲು ಕೂತರೆ ಹಿಂದಿನವರು ಮುಂದೆ ನುಗ್ಗಿದರು. ಹನ್ನೆರಡೂವರೆಗೆ ಮುಗಿದಿದ್ದವು ಹದಿನೈದು. ಬಿಸಿಲು ಚಪ್ಪರದ ಒಳಕ್ಕೆ ಸರಿಯಿತು. ನಾಲ್ವರು ತಾಯಂದಿರು ಕೂಸುಗಳನ್ನು ಮತ್ತೆ ಬೆನ್ನಿಗೆ ಕಟ್ಟಿಕೊಂಡು ಎದ್ದರು.

“ಹೋಗ್ಬೇಡ್ರೇ,” ಅಂದಳು ಎನೆಲೆಸಿ.

“ನಿಲ್ಲಕ್ಕಾಗಲ್ಲ ಡಾಕ್ಟ್ರಮ್ಮ. ಮನೇಲಿ ಇನ್ನೂ ಮೂರು ಹಸ್ಕೊಂಡವೆ.”

ಅವರು ಹೋದರು. ಎನೆಲೆಸಿ ನಾಲ್ಕು ಹೆಸರನ್ನೂ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಳು. ಬಟ್ಟೆಯ ಗಂಟಿನ ಮೇಲೆ ಎಡಗೈ ಹೋಯಿತು. ಬಿಚ್ಚಿದರೆ ಅವರನ್ನು ಕೂಗಿ ಕರೆಯಬಹುದಿತ್ತು. ಚಿಸೂಸೆಯ ಬೆವರಿದ ಬೆನ್ನು ನೋಡಿದಳು. ಇನ್ನೊಂದು ಸ್ವಲ್ಪ ಹೊತ್ತು, ಎಂದುಕೊಂಡಳು. ಬಿಚ್ಚಲಿಲ್ಲ.

ಒಂದಕ್ಕೆ ನಸಿಬೆಕೊ ಅಜ್ಜಿಯ ಸರದಿ ಬಂತು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಕೂಸು. ಪುಸ್ತಕಗಳೆರಡೂ ಗೋಡೆಯ ಒಂದೇ ಗೂಟಕ್ಕೆ ನೇತುಹಾಕಿದ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರುತ್ತವೆ. ಓದು ಬಾರದ ಅಜ್ಜಿ ಕೈಗೆ ಸಿಕ್ಕಿದ್ದನ್ನು ತರುತ್ತಾಳೆ. ಡೊರಿಕಾ ಇದ್ದಾಗ ಅಜ್ಜಿ ಬಂದರೆ ಮೊದಲು ಕೂಸಿನ ಬಾಯಿ ನೋಡಿ, ಆಮೇಲೆ ಪುಸ್ತಕ ನೋಡುತ್ತಿದ್ದಳು. ಚಿಸೂಸೆ ಪುಸ್ತಕ ಮಾತ್ರ ನೋಡಿದರು. ಒಂಬತ್ತು ತಿಂಗಳು, ದಡಾರ ಬಾಕಿ. ತೂಕದ ಗುರುತು ಗೆರೆಗಿಂತ ನಾಲ್ಕು ಬೆರಳು ಕೆಳಗೆ ಬಿದ್ದದ್ದನ್ನು ನೋಡಲಿಲ್ಲ. ಸಿರಿಂಜಿಗೆ ಮದ್ದು ಎಳೆದುಕೊಂಡರು. ಅಜ್ಜಿಯ ತೋಳ ಮೇಲೆ ಕೂಸಿನ ಕತ್ತು ಒಂದು ಕಡೆಗೆ ವಾಲಿತ್ತು, ಎರಡು ತಿಂಗಳ ಕತ್ತು. ಸೂಜಿ ಕೂಸಿನ ತೋಳಿಗೆ ಒಂದು ಬೆರಳು ದೂರವಿತ್ತು.

ಎನೆಲೆಸಿ ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಬಲಗೈ ಚಿಸೂಸೆಯ ಮಣಿಕಟ್ಟನ್ನು ಹಿಡಿದಿತ್ತು. ಗಟ್ಟಿಯಾಗಿ, ಐದೂ ಬೆರಳಿನಿಂದ. ಬಟ್ಟೆಯ ಒಂಬತ್ತು ಸುತ್ತೂ ಸಡಿಲಾಗಿ ನೆಲ ಮುಟ್ಟುವಷ್ಟು ಇಳಿಬಿದ್ದಿತ್ತು.

“ಇದು ಬೇರೆ ಕೂಸು ಸಾರ್. ಅಜ್ಜಿಯ ಕಿರೀ ಮಗಳದ್ದು. ಎರಡು ತಿಂಗಳದ್ದು.”

ಚಿಸೂಸೆ ಕೂಸನ್ನು ನೋಡಿದರು, ಪುಸ್ತಕ ನೋಡಿದರು, ಆಮೇಲೆ ತಮ್ಮನ್ನು ಹಿಡಿದ ಕೈಯನ್ನು ನೋಡಿದರು.

“ನಿನ್ನ ಕೈಗೆ ಏನೂ ಆಗಿಲ್ಲ,” ಅಂದರು, ಪಿಸುದನಿಯಲ್ಲಿ.

“ನಿಮ್ಮ ಕೈಯಿಂದ ಆಗೋದಿತ್ತು,” ಅಂದಳು ಎನೆಲೆಸಿ, ಅವರಿಗೆ ಮಾತ್ರ ಕೇಳುವಂತೆ.

ಫೋನು ಗಂಟೆ ಹೊಡೆಯಿತು. ಮುಂತಾಲಿ ಇಬ್ಬರನ್ನೂ ನೋಡಿ ಬರೆದುಕೊಂಡರು.

ಆಮೇಲೆ ಎನೆಲೆಸಿ ಕೈ ತೊಳೆದು ಸಿರಿಂಜು ಹಿಡಿದಳು. ಚಿಸೂಸೆಯನ್ನು ತಕ್ಕಡಿಯ ಹತ್ತಿರ, ಡೊರಿಕಾಳ ಜಾಗಕ್ಕೆ ಕಳಿಸಿದಳು. “ಹಲ್ಲು ನೋಡಿ ಸಾರ್. ಕತ್ತು ನೋಡಿ. ಆಮೇಲೆ ಪುಸ್ತಕ,” ಎಂದು ಒಂದೊಂದು ಕೂಸಿಗೂ ಹೇಳಿದಳು. ಅವರು ಒಂದೊಂದು ಕೂಸಿಗೂ ಹಾಗೇ ಮಾಡಿದರು. ಇಬ್ಬರಾದ ಮೇಲೆ ಸಾಲು ಕರಗಿತು. ಮೂರಕ್ಕೆ ಕಡೇ ತಾಯಿ ಹೊಳೆಯತ್ತ ನಡೆದಳು.

ಜೀಪು ಹತ್ತುವ ಮುಂಚೆ ಮುಂತಾಲಿ ಎನೆಲೆಸಿಯನ್ನು ಪಕ್ಕಕ್ಕೆ ಕರೆದರು.

“ಕೈ ಹೇಗಿದೆಯಮ್ಮ?”

“ವಾಸಿಯಾಯ್ತು ಮೇಡಂ.”

“ಎಷ್ಟು ಗಂಟೆಗೆ ವಾಸಿಯಾಯ್ತು ಅಂತಾನೂ ನನ್ನ ಹಾಳೇಲಿದೆ. ಅದನ್ನೂ ಓದ್ತೀನಿ, ತಿಳ್ಕೊ.”

ಎನೆಲೆಸಿ ತಲೆಯಾಡಿಸಿದಳು. ಓದಲಿ. ಉಳಿದದ್ದನ್ನು ಓದಿದರೆ ಸಾಕಿತ್ತು.

ಮುಂದಿನ ತಿಂಗಳ ಸಭೆಯಲ್ಲಿ, ಅದೇ ಸಭಾಂಗಣದಲ್ಲಿ, ಮುಂತಾಲಿ ತಮ್ಮ ಹಾಳೆಯನ್ನು ಓದಿದರು. ದನಿಯಲ್ಲಿ ಏರಿಳಿತವೇ ಇಲ್ಲ, ಪಡಿತರದ ಪಟ್ಟಿ ಓದಿದ ಹಾಗೆ. “ಹತ್ತೂ ಕಾಲು. ಅಧಿಕಾರಿ ಕಡಲೆಕಾಯಿ ಸುಲಿಯುತ್ತಿದ್ದಾರೆ. ಹತ್ತು ಇಪ್ಪತ್ತು. ಅಧಿಕಾರಿ ಕಡಲೆಕಾಯಿ ಸುಲಿಯುತ್ತಿದ್ದಾರೆ. ಹತ್ತು ಇಪ್ಪತ್ತೈದು.” ಮೂರನೆಯದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಐದನೆಯದಕ್ಕೆ ಸಭೆಯೆಲ್ಲ ತಡೆದುಕೊಳ್ಳಲಾರದೆ ನಕ್ಕುಬಿಟ್ಟಿತು. ಮುಂತಾಲಿ ನಿಲ್ಲಿಸಲಿಲ್ಲ, ಒಂಬತ್ತನ್ನೂ ಓದಿದರು. ಬಾಗಿಲ ಬಳಿ ನಿಂತಿದ್ದ ಆ ಡ್ರೈವರ್ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ. ಚಿಸೂಸೆ ತಿರುಗಿ ಎನೆಲೆಸಿಯನ್ನು ನೋಡಿದರು. ಯಾರ ಮುಖವನ್ನೂ ನೆಟ್ಟಗೆ ನೋಡದ ಹುಡುಗಿ ಅಂದು ಕಣ್ಣು ಕೆಳಗಿಳಿಸಲಿಲ್ಲ.

ಒಬ್ಬರು ಸಾಲದು ಎಂದು ವರದಿಯಾಯಿತು. ಲಿಲೊಂಗ್ವೆಯ ಕುರ್ಚಿ ಬೇರೆ ಯಾರಿಗೋ ಹೋಯಿತು. ನಾಮಕೊಲೊಗೆ ಎರಡನೆಯ ಹುದ್ದೆ ವಾಪಸು ಬಂತು, ಡೊರಿಕಾಳ ವಯಸ್ಸು ಮೀರಿದ್ದರಿಂದ ಬೇರೆ ಹುಡುಗಿ ಬಂದಳು. ಸುಳ್ಳು ಗಾಯಕ್ಕಾಗಿ ಎನೆಲೆಸಿಗೆ ಎಚ್ಚರಿಕೆ ಪತ್ರ ಬಂತು. ಅವಳು ಅದನ್ನು ಮಡಚಿ, ಒಂದು ಬುಟ್ಟಿ ಕಡಲೆಕಾಯಿಯ ಮೇಲಿಟ್ಟುಕೊಂಡು ಡೊರಿಕಾಳ ಮನೆಗೆ ಹೋದಳು.

ಡೊರಿಕಾ ಪತ್ರವನ್ನು ಎರಡು ಸಲ ಓದಿದಳು. ಬುಟ್ಟಿ ಮುಟ್ಟಲಿಲ್ಲ.

“ಯಾರನ್ನೂ ವಾಪಸ್ ಕಳಿಸ್ಲಿಲ್ಲ ತಾನೇ?”

ಇದನ್ನೇ ಕೇಳುತ್ತಾಳೆಂದು ಎನೆಲೆಸಿಗೆ ದಾರಿಯುದ್ದಕ್ಕೂ ಗೊತ್ತಿತ್ತು. “ನಾಲ್ಕು ಜನ ಹೋದ್ರು ಅಕ್ಕ. ಮಾರನೇ ವಾರ ಪೆಟ್ಟಿಗೆ ಕಟ್ಕೊಂಡು ಮನೆಗೇ ಹೋದೆ. ಮೂರು ಕೂಸಿಗೆ ಆಯ್ತು. ನಾಲ್ಕನೇದು ತಾಯಿ ಜೊತೆ ಸರೋವರದ ಕಡೆ ಹೋಗಿದೆಯಂತೆ. ಸಿಕ್ಕಿಲ್ಲ.”

“ಬಿಚ್ಚಬಹುದಿತ್ತಲ್ಲೇ ಬಟ್ಟೆ.”

“ಬಿಚ್ಚಬಹುದಿತ್ತು.”

ಡೊರಿಕಾ ಪತ್ರವನ್ನು ಮಡಚಿ ಪಕ್ಕಕ್ಕಿಟ್ಟಳು. “ಆ ನಾಲ್ಕನೇದನ್ನ ಹುಡುಕು. ಹೆಸರು ಹೇಳು, ದ್ವೀಪದಲ್ಲಿ ನನಗೆ ಗೊತ್ತಿರೋ ದೋಣಿಯವ್ರಿದಾರೆ, ಹೇಳಿ ಕಳಿಸ್ತೀನಿ.” ಆಮೇಲೆ ಕೈ ಚಾಚಿ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು. ಒಂದು ಕಾಯಿ ಒತ್ತಿದಳು. ಅದು ಟಪ್ಪೆಂದು ಬಾಯಿ ಬಿಟ್ಟಿತು.

“ಎಲ್ರೂ ನಗುವಾಗ ಅವನು ಎಲ್ಲಿ ನೋಡ್ತಿದ್ದ?”

“ಮೊದ್ಲು ನನ್ನ. ಆಮೇಲೆ ಕೊರಳು ಮುಟ್ಕೊಂಡ. ಗಡಿಯಾರ ಇರ್ಲಿಲ್ಲ.”

ಡೊರಿಕಾಳ ತುಟಿಯ ಒಂದು ಕೊನೆ ಮೇಲೆ ಹೋಯಿತು. ಒಳಗಿನಿಂದ ಒರಳು ತರಲು ಎದ್ದಳು, ಎರಡು ವರ್ಷದಿಂದ ಬೋರಲು ಬಿದ್ದಿದ್ದ ಒರಳು.

“ಎಷ್ಟು ಹೊತ್ತು ನಕ್ರು?” ಎಂದು ಒಳಗಿನಿಂದಲೇ ಕೇಳಿದಳು.

“ಎಣಿಸ್ಲಿಲ್ಲ ಅಕ್ಕ.”

“ಎಣಿಸ್ಬೇಕಿತ್ತು,” ಅಂದಳು ಡೊರಿಕಾ.